ಮೊನೆ ಬಾಗಿತ್ತು

ಸೆಪ್ಟೆಂಬರ್ 7, 1994, ಬುಧವಾರ

ಗುಂಡುಗಳ ಡಬ್ಬಿ ಅಂಚೆಯಲ್ಲಿ ಬಂತು. ನೂರು ಗುಂಡು. ಮೈಗೆ ತಾಮ್ರದ ಕವಚ, ತುದಿಯಲ್ಲಿ ಮೆತ್ತನೆಯ ಸೀಸದ ಮೊನೆ. ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ ಎಲ್ಲವನ್ನೂ ಸಾಲಾಗಿ ನಿಲ್ಲಿಸಿದೆ. ಭೂತಗನ್ನಡಿ ಹಿಡಿದು ನೋಡಿದರೆ ಮೂವತ್ತೊಂದರ ಮೊನೆ ಸೊಟ್ಟ.

ನಾನು ಮೂವತ್ತೆಂಟು ವರ್ಷ ದಂತವೈದ್ಯರ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡಿದವನು. ನಮ್ಮ ಚರ್ಚಿನಲ್ಲಿ ಜನ ಹಾಡಲು ಬಾಯಿ ತೆರೆದರೆ ಅರ್ಧಕ್ಕರ್ಧ ನನ್ನದೇ ಕೆಲಸ ಕಾಣುತ್ತದೆ. ಕೂದಲೆಳೆಯಷ್ಟು ಏರುಪೇರಿದ್ದರೂ ನನ್ನ ಕಣ್ಣು ತಪ್ಪಿಸಿಕೊಂಡು ಹೋಗಲಾರದು. ಆದ್ದರಿಂದ ಈ ಮೂವತ್ತೊಂದನ್ನು ಅರದಿಂದ ತಿದ್ದಬೇಕೋ ಹಾಗೇ ಬಿಡಬೇಕೋ ಎಂಬುದನ್ನು ನಾನೇ ತೀರ್ಮಾನಿಸಬಲ್ಲೆ.

ಹೋದ ನವೆಂಬರಿನ ವಿಷಯವನ್ನು ಇಲ್ಲಿ ಬರೆದಿರಲಿಲ್ಲ. ಮನಸ್ಸಾಗಿರಲಿಲ್ಲ. ನಮ್ಮ ಬೇಟೆಮನೆಯಲ್ಲಿ, ಅಂದರೆ ಮಿಚಿಗನ್ನಿನ ಕಾಡಿನೊಳಗೆ ನಮ್ಮ ತಂಡದ ಹಿರಿಯ ಸುಲೋ ಕಟ್ಟಿಸಿದ ಮರದ ಮನೆಯಲ್ಲಿ, ಜಿಂಕೆಗೆ ಗುರಿಯಿಟ್ಟು ತಪ್ಪಿದವನ ಅಂಗಿಯ ಬಾಲ ಉಳಿಯುವುದಿಲ್ಲ. ಸುಲೋ ಕುರಿ ಉಣ್ಣೆ ತೆಗೆಯುವ ಕತ್ತರಿಯಿಂದ ಅಂಗಿಯ ಹಿಂದಿನ ಅಂಚನ್ನು ಕತ್ತರಿಸುತ್ತಾನೆ. ಅದರ ಮೇಲೆ ಹೆಸರು, ಎಷ್ಟು ಹೆಜ್ಜೆ ದೂರ, ತಪ್ಪಿದವನು ಹೇಳಿದ ನೆಪ ಬರೆದು ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಾನೆ. ನಲವತ್ತೊಂದು ವರ್ಷ ಆ ಗೋಡೆಯ ಮೇಲೆ ನನ್ನ ಹೆಸರಿರಲಿಲ್ಲ. ಈಗಿದೆ. "1993. ತೌನೋ. ಅರವತ್ತು ಹೆಜ್ಜೆ. ಮೊನೆ ಬಾಗಿತ್ತು."

ಅದು ನೆಪವಲ್ಲ. ರೈಫಲ್ ಒದ್ದಾಗಲೆಲ್ಲ ಒಳಗಿರುವ ತೋಟೆಗಳ, ಅಂದರೆ ನಾನೇ ಮದ್ದು ತುಂಬಿ ಗುಂಡು ಕೂರಿಸಿದ ಕೊಳವೆಗಳ, ಮೊನೆ ಎದುರಿನ ತಗಡಿಗೆ ಬಡಿದು ಜಜ್ಜಿಹೋಗುತ್ತದೆ. ಉಳಿದ ತೋಟೆಗಳನ್ನು ತೆಗೆದು ತೋರಿಸಿದೆ. ಸುಲೋ, ಓಲಾವಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸತತ ಎರಡು ವರ್ಷ ಬಾಲ ಹೋದವನು ಬೇಟೆಗೆ ಕೂರುವ ತನ್ನ ಜಾಗ ಬಿಟ್ಟುಕೊಟ್ಟು ಮುಂದಿನ ವರ್ಷದಿಂದ ಅಡುಗೆಗೆ ನಿಲ್ಲಬೇಕು. ನನ್ನ ಜಾಗ ಬೀವರ್ ಪ್ರಾಣಿಗಳು ಹೊಳೆಗೆ ಹಾಕಿದ ಕಟ್ಟೆಯ ಪಕ್ಕದ್ದು, ನನ್ನಪ್ಪ ಕೂರುತ್ತಿದ್ದ ಜಾಗ. ಬಿಡುವ ಪ್ರಶ್ನೆಯೇ ಇಲ್ಲ.

ಸೆಪ್ಟೆಂಬರ್ 11, ಭಾನುವಾರ

ಚರ್ಚು ಮುಗಿದ ಮೇಲೆ ಕಾಫಿ ಕುಡಿಯುವಾಗ ಓಲಾವಿಯ ಹತ್ತಿರ ವಿಷಯ ಎತ್ತಿ ತಪ್ಪು ಮಾಡಿದೆ. ಓಲಾವಿ ನನ್ನ ಹೆಂಡತಿ ಹೆಲ್ಮಿಯ ತಮ್ಮ. ಕಬ್ಬಿಣದ ಗಣಿಯಲ್ಲಿ ಮೊಣಕಾಲು ಹಾಳುಮಾಡಿಕೊಂಡವನು, ಹೆಚ್ಚು ಹೊತ್ತು ನಿಲ್ಲಲಾರ. ಎಲ್ಲಿ ಹೋದರೂ ಹೆಗಲ ಮೇಲೆ ಒಂದು ಮರದ ಸ್ಟೂಲು ಹೊತ್ತುಕೊಂಡೇ ಹೋಗುತ್ತಾನೆ, ಚರ್ಚಿಗೂ.

"ಭಾವ, ನನ್ನ ತೋಟೆ ಎಲ್ಲಿರುತ್ವೆ ಗೊತ್ತಲ್ಲ? ಲಾರಿ ಸೀಟಿನ ಕೆಳಗೆ, ಕಾಫಿ ಡಬ್ಬದಲ್ಲಿ. ಮೊಳೆ, ಸ್ಕ್ರೂ, ಮೀನಿನ ಗಾಳ ಎಲ್ಲಾ ಅದರಲ್ಲೇ. ಒಂದಕ್ಕೂ ಮೂಗು ನೆಟ್ಟಗಿಲ್ಲ."

"ಅದಕ್ಕೇ ಹೇಳ್ತಿರೋದು."

"ಪ್ರತಿ ವರ್ಷ ಜಿಂಕೆ ಬೀಳುತ್ತಲ್ಲ ಭಾವ! ಸತ್ತ ಜಿಂಕೆ ಯಾವುದೂ ಎದ್ದು ಬಂದು, ಮೊನೆ ಸೊಟ್ಟಗಿತ್ತು ಕಣಯ್ಯಾ ಅಂತ ದೂರು ಹೇಳಿಲ್ಲ."

ಅವನ ಮೇಲಿನ ಸೆಟ್ಟು ನಾನು ಮಾಡಿದ್ದು. ಇಷ್ಟು ಸಲೀಸಾಗಿ ಮಾತಾಡುವುದು ಅದರಿಂದಲೇ.

ಸೆಪ್ಟೆಂಬರ್ 15, ಗುರುವಾರ

ಗುಂಡು ತಯಾರಿಸುವ ಕಂಪನಿಗೆ ಫೋನ್ ಮಾಡಿದೆ. ಒಬ್ಬಳು ಹೆಂಗಸು ಎತ್ತಿದಳು. ದನಿಯಲ್ಲಿ ಸುಸ್ತು.

"ಮೊನೆ ಸ್ವಲ್ಪ ಜಜ್ಜಿದ್ರೆ ಏನೂ ಆಗಲ್ಲ ಸರ್. ಗುಂಡು ನೆಟ್ಟಗೆ ಹೋಗೋದು ಅದರ ಬುಡದಿಂದ. ಬುಡ ಸರಿಯಿದ್ರೆ ಸಾಕು."

"ಅರ ಹಾಕಿ ಸರಿ ಮಾಡಿದ್ರೆ?"

"ಬೇಡ ಸರ್. ಹಾಗೇ ಬಿಡಿ. ನೀವು ಅದನ್ನ ತಿದ್ದಿದ್ರೆ ಆಮೇಲೆ ಅದು ಎಲ್ಲಿ ಹೋಗುತ್ತೆ, ಒಳಗೆ ಹೋಗಿ ಹೇಗೆ ಅರಳುತ್ತೆ, ನಾವು ಹೇಳೋಕಾಗಲ್ಲ."

"ಇದೇ ಪ್ರಶ್ನೆ ಕೇಳೋಕೆ ತುಂಬಾ ಜನ ಫೋನ್ ಮಾಡ್ತಾರಾ?"

"ಈ ವಾರ ನಾಲ್ಕು ಕರೆ ಬಂದಿವೆ ಸರ್. ನಾಲ್ಕೂ ನಿಮ್ಮದೇ."

ಬುಡವಂತೆ! ಹಲ್ಲಿನ ಸೆಟ್ಟು ಮಾಡಿಸಲು ಬಂದವರು ಯಾರಾದರೂ ಒಸಡಿನ ಕಡೆ ಚೆನ್ನಾಗಿದ್ದರೆ ಸಾಕು, ಹಲ್ಲು ಹೇಗಾದರೂ ಇರಲಿ ಎಂದಿದ್ದಾರೆಯೇ?

ಸೆಪ್ಟೆಂಬರ್ 24, ಶನಿವಾರ

ತಿದ್ದಲು ಶುರು ಮಾಡಿದೆ. ಹಲ್ಲು ತೀಡುವ ಸಣ್ಣ ಅರ, ನುಣುಪು ಮಾಡುವ ಬಟ್ಟೆ, ಭೂತಗನ್ನಡಿ. ಹಳೆಯ ಸಾಮಾನೆಲ್ಲ ಕೈಗೆ ಬಂದ ಕೂಡಲೇ ಹತ್ತು ವರ್ಷ ಚಿಕ್ಕವನಾದ ಹಾಗಾಯಿತು. ಸೀಸವೋ ಬೆಣ್ಣೆಯ ಹಾಗೆ ಬರುತ್ತದೆ.

ತೊಂದರೆ ಒಂದೇ. ಒಂದನ್ನು ಸರಿ ಮಾಡಿದರೆ ಪಕ್ಕದ್ದು ಸೊಟ್ಟ ಕಾಣುತ್ತದೆ. ಬೆಳಿಗ್ಗೆ ಮೂವತ್ತೊಂದಿದ್ದ ಸೊಟ್ಟ ಮೊನೆಗಳು ಸಂಜೆಗೆ ಐವತ್ತೆಂಟಾದವು. ಕಂಪನಿಯವರ ಕೆಲಸ ಎಷ್ಟು ಕಳಪೆ ಎಂದು ತಿದ್ದುತ್ತಾ ಹೋದಂತೆ ತಿಳಿಯುತ್ತಿದೆ.

ಹೆಲ್ಮಿ ಬಂದು ಎರಡನ್ನು ಕೈಯಲ್ಲಿ ಹಿಡಿದು ನೋಡಿದಳು. ಒಂದು ತಿದ್ದಿದ್ದು, ಒಂದು ತಿದ್ದದೆ ಬಿಟ್ಟಿದ್ದು.

"ರೀ, ಇದು ನೆಟ್ಟಗೇ ಇದೆಯಲ್ಲ. ನೀವು ತಿದ್ದಿರೋದೇ ಎಡಕ್ಕೆ ವಾಲಿದೆ."

"ನಿನ್ನ ಕಣ್ಣು ತೋರಿಸ್ಕೋ ಹೆಲ್ಮಿ. ಹೀಗೇ ಬಿಟ್ರೆ ಕಷ್ಟ."

ಅವಳು ಎರಡನ್ನೂ ಟವೆಲ್ ಮೇಲೆ ವಾಪಸು ಇಟ್ಟಳು. "ಸರಿ, ತೋರಿಸ್ಕೋತೀನಿ. ಜೊತೆಗೆ ನೀವೂ ಬನ್ನಿ" ಎಂದಳು. ನನಗೆ ಕೆಲಸವಿದೆ ಎಂದೆ. ಮೇಜಿನ ದೀಪ ಹಳೆಯದಾಗಿದೆ, ಬೆಳಕೇ ಬೀಳುವುದಿಲ್ಲ. ಇನ್ನೊಂದು ತರಬೇಕು.

ಅಕ್ಟೋಬರ್ 3, ಸೋಮವಾರ

ಹೆಲ್ಮಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಳು. ಅವಳ ಕಣ್ಣಿಗೆ ಏನೂ ಆಗಿಲ್ಲವಂತೆ. ಡಾಕ್ಟರಿಗೂ ವಯಸ್ಸಾಯಿತು.

ನಮ್ಮ ಪತ್ರಿಕೆಯವರು ಶಾಯಿ ಉಳಿಸಲು ಹೊರಟಿದ್ದಾರೆ. ಸಾವಿನ ಸುದ್ದಿಗಳೇ ಓದಲು ಬರುವುದಿಲ್ಲ. ಯಾರು ಹೋದರೆಂದು ಹೆಲ್ಮಿ ಹೇಳಬೇಕು.

ಅಕ್ಟೋಬರ್ 8, ಶನಿವಾರ

ಜಲ್ಲಿಕಲ್ಲಿನ ಹಳೇ ಕ್ವಾರಿಯಲ್ಲಿ ಪರೀಕ್ಷೆ. ಓಲಾವಿ ನೂರು ಹೆಜ್ಜೆ ದೂರದಲ್ಲಿ ರಟ್ಟು ನಿಲ್ಲಿಸಿ ವೃತ್ತ ಬರೆದ. ಆಮೇಲೆ ಸ್ಟೂಲಿನ ಮೇಲೆ ಕೂತು ಕಾಫಿ ಡಬ್ಬದಿಂದ ಐದು ತೋಟೆ ಹೆಕ್ಕಿದ. ಜೇಬಿನಿಂದ ಇಕ್ಕಳ ತೆಗೆದು, ನನ್ನ ಕಣ್ಣೆದುರೇ, ಒಂದೊಂದರ ಮೊನೆಯನ್ನೂ ಚಿವುಟಿ ಚಪ್ಪಟೆ ಮಾಡಿದ.

"ಏನೋ ಇದು ಅನ್ಯಾಯ!"

"ಮೂಗಿಲ್ಲದೋರೂ ದಾರಿ ಹುಡ್ಕೊಂಡು ಹೋಗ್ತಾರಾ ನೋಡೋಣ ಅಂತ."

ಅವನ ಐದೂ ಗುಂಡು ಕಾಫಿ ಬಸಿಯಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ ಬಿದ್ದವು. ನನ್ನ ಐದರಲ್ಲಿ ಎರಡು ರಟ್ಟಿನ ಅಂಚಿಗೆ, ಒಂದು ಪಕ್ಕದ ಮರದ ಬೊಡ್ಡೆಗೆ. ಉಳಿದೆರಡು ಎಲ್ಲಿ ಹೋದವೋ ಓಲಾವಿ ಅರ್ಧ ಗಂಟೆ ಹುಡುಕಿದರೂ ಸಿಗಲಿಲ್ಲ. ಕಾರಣ ಸ್ಪಷ್ಟವಿದೆ. ಮೊದಲನೆಯದಾಗಿ, ವೃತ್ತವನ್ನು ಅವನು ತೀರ ಮಸುಕಾಗಿ ಬರೆದಿದ್ದ. ಎರಡನೆಯದಾಗಿ, ಕ್ವಾರಿಯಲ್ಲಿ ಮಂಜು ಕವಿದಿತ್ತು.

"ಮಂಜಾ?" ಎಂದ ಓಲಾವಿ. ಆಕಾಶ ನೋಡಿದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಭಾವ, ನಿಮ್ಮ ರೈಫಲಲ್ಲಿ ನಿಮ್ಮ ತೋಟೆ ಒಂದ್ಸಲ ನಾನು ಹೊಡೀಲಾ?"

ಕೊಡಲಿಲ್ಲ. ನನ್ನ ಸೆಟ್ಟನ್ನು ಇನ್ನೊಬ್ಬನ ಬಾಯಿಗೆ ಹಾಕಿದ ಹಾಗಾಗುತ್ತದೆ ಎಂದೆ. ಬರುವಾಗ ಲಾರಿಯನ್ನು ಅವನೇ ಓಡಿಸುತ್ತೇನೆಂದು ಹಟ ಹಿಡಿದ. ಓಡಿಸಲಿ ಪಾಪ. ಇತ್ತೀಚೆಗೆ ಎದುರಿಗೆ ಬರುವ ಗಾಡಿಗಳೆಲ್ಲ ನಾಲ್ಕು ನಾಲ್ಕು ದೀಪ ಹಾಕಿಕೊಂಡು ಬರುತ್ತವೆ, ಓಡಿಸುವುದೇ ಬೇಜಾರು.

ಅಕ್ಟೋಬರ್ 12, ಬುಧವಾರ

ಸೊಟ್ಟ ಮೊನೆಗಳು ಎಂಬತ್ತಮೂರು. ಮೂರನೇ ದೀಪ ತಂದೆ.

ಹೆಲ್ಮಿ ನನಗೆ ಬೇಟೆಯ ಹೊಸ ಜಾಕೀಟು ಕೊಂಡು ತಂದಳು. ಬೇಟೆಗಾರರು ಒಬ್ಬರಿಗೊಬ್ಬರು ಕಾಣಲಿ ಎಂದು, ಕಾನೂನಿನ ಪ್ರಕಾರ ಕಿತ್ತಳೆ ಬಣ್ಣ ಕಣ್ಣಿಗೆ ಹೊಡೆಯುವಂತಿರಬೇಕು. ಇದೋ, ಕೆಸರಿನಲ್ಲಿ ಅದ್ದಿ ತೆಗೆದ ಹಾಗಿದೆ. ಅಂಗಡಿಯವನು ಮೋಸ ಮಾಡಿದ್ದಾನೆ, ವಾಪಸು ಕೊಡು ಎಂದೆ. ಅವಳು ಜಾಕೀಟನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡು ಅದನ್ನೇ ಸವರುತ್ತಾ ಕೂತಳು. ಬಣ್ಣದ ವಿಷಯಕ್ಕೆ ಇಷ್ಟು ಬೇಸರ ಮಾಡಿಕೊಳ್ಳುವವಳಲ್ಲ.

ಇನ್ನೊಂದು ಬೆಳವಣಿಗೆ. ಅವಳಿಗೆ ತೋಟೆ ಕಟ್ಟುವುದರಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಬಂದಿದೆ. ಮದ್ದು ತೂಗುವಾಗ ಪಕ್ಕದಲ್ಲೇ ನಿಲ್ಲುತ್ತಾಳೆ. "ತಕ್ಕಡಿ ಮುಳ್ಳು ನಾನೇ ಓದ್ತೀನಿ, ನೀವು ಮುಟ್ಬೇಡಿ" ಎನ್ನುತ್ತಾಳೆ. ನಲವತ್ನಾಲ್ಕು ವರ್ಷದಿಂದ ಈ ಹುಚ್ಚು ಯಾವಾಗ ಬಿಡುತ್ತೆ ಎನ್ನುತ್ತಿದ್ದವಳು! ಸಂತೋಷವಾಯಿತು. ಒಳ್ಳೆಯ ಕೆಲಸ ಕಣ್ಣಮುಂದೆ ನಡೆದರೆ ಯಾರಿಗಾದರೂ ರುಚಿ ಹತ್ತುತ್ತದೆ.

ಅಕ್ಟೋಬರ್ 23, ಭಾನುವಾರ

ಸುಲೋನ ಸೌನಾದಲ್ಲಿ, ಅಂದರೆ ಹಬೆಸ್ನಾನದ ಕೋಣೆಯಲ್ಲಿ, ಬೇಟೆಮನೆಯ ವಾರ್ಷಿಕ ಸಭೆ. ಹಾಜರಿ: ಸುಲೋ, ಓಲಾವಿ, ನಾನು. ಮೂವರ ಮೈಮೇಲೂ ಒಂದು ನೂಲೆಳೆ ಇರಲಿಲ್ಲ. ಸುಲೋಗೆ ಎಂಬತ್ತಾರು. ಕಾದ ಕಲ್ಲಿಗೆ ನೀರು ಹೊಯ್ಯುವ ಸೌಟನ್ನು ಬೆಂಚಿಗೆ ಕುಟ್ಟಿ ಸಭೆ ಆರಂಭಿಸಿದ.

ನಾನು ಮಂಡಿಸಿದ ನಿರ್ಣಯ: ಬೇಟೆಮನೆಯ ಎಲ್ಲ ತೋಟೆಗಳ ಮೊನೆಯನ್ನೂ ತಿದ್ದತಕ್ಕದ್ದು. ಓಲಾವಿಯ ತಿದ್ದುಪಡಿ: ಎಲ್ಲ ತೋಟೆಗಳ ಮೊನೆಯನ್ನೂ ಇಕ್ಕಳದಿಂದ ಜಜ್ಜತಕ್ಕದ್ದು, ಆಗ ಯಾರದ್ದು ಸೊಟ್ಟ ಎಂಬ ಜಗಳವೇ ಇರುವುದಿಲ್ಲ. ಒಂದಕ್ಕೊಂದು ಮತ. ಅಧ್ಯಕ್ಷನಾದ್ದರಿಂದ ಸುಲೋಗೆ ಎರಡು ಮತ. ಅವನು ತೀರ್ಪು ಹೇಳಿದ, ಆದರೆ ಸೆಕೆಗೆ ಸೆಟ್ಟು ಬಿಸಿಯಾಗುತ್ತದೆಂದು ಹಲ್ಲು ತೆಗೆದಿಟ್ಟಿದ್ದರಿಂದ ಒಂದಕ್ಷರ ತಿಳಿಯಲಿಲ್ಲ. ಹೊರಗೆ ಹೋಗಿ ಬಕೆಟ್ಟಿನಿಂದ ಹಲ್ಲು ತೆಗೆದು ಹಾಕಿಕೊಂಡು ಬಂದ.

"ಯಾರಾದ್ರೂ ಏನಾದ್ರೂ ತಿದ್ಕೊಳ್ಳಿ, ನಂಗೇನು. ಆದ್ರೆ ಲೋ ತೌನೋ, 'ಮೊನೆ ಬಾಗಿತ್ತು' ಅನ್ನೋ ನೆಪ ಒಬ್ಬನಿಗೆ ಜೀವಮಾನಕ್ಕೆ ಒಂದೇ ಸಲ. ನಿಂದು ಖರ್ಚಾಯ್ತು. ಈ ಸಲ ತಪ್ಪಿದ್ರೆ ಹೊಸ ನೆಪ ತಗೊಂಡ್ ಬಾ."

"ಈ ಸಲ ನೆಪದ ಅಗತ್ಯವೇ ಬರಲ್ಲ" ಎಂದೆ. ಎದ್ದು ಗಂಭೀರವಾಗಿ ಹೊರಗೆ ನಡೆದೆ. ಅದು ಬಾಗಿಲಲ್ಲ, ಕಿಟಕಿಯಾಗಿತ್ತು. ಹಣೆ ಊದಿಕೊಂಡಿದೆ. ಸೌನಾದಲ್ಲಿ ಹಬೆ ಬಹಳ.

ನವೆಂಬರ್ 5, ಶನಿವಾರ

ಕೆಲಸ ಮುಗಿಯಿತು. ನೂರರಲ್ಲಿ ಐದು ಗುಂಡು ಮಾತ್ರ ನನ್ನ ಮಟ್ಟಕ್ಕೆ ಬಂದಿವೆ. ಆ ಐದರಿಂದ ಐದು ತೋಟೆ ಕಟ್ಟಿದ್ದೇನೆ.

ಇವುಗಳ ಮೊನೆ ಮತ್ತೆ ಜಜ್ಜಿಹೋಗದಂತೆ ಒಂದು ಉಪಾಯ ಹೊಳೆಯಿತು. ಒಸಡು ಮಾಡುವ ಗುಲಾಬಿ ಬಣ್ಣದ ಪುಡಿ ಇನ್ನೂ ಅರ್ಧ ಡಬ್ಬಿ ಉಳಿದಿತ್ತು. ಕಲಸಿ, ಪ್ರತಿ ಮೊನೆಯ ಅಚ್ಚು ತೆಗೆದು, ಐದು ಪುಟ್ಟ ಟೋಪಿ ಮಾಡಿದೆ. ಒಂದರ ಟೋಪಿ ಇನ್ನೊಂದಕ್ಕೆ ಕೂರುವುದಿಲ್ಲ. ಐದನ್ನೂ ಹಳೆಯ ಸೆಟ್ಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿದ್ದೇನೆ. ಇವು ರೈಫಲಿನಲ್ಲಿ ಕುಲುಕಾಡುವ ಹಾಗೇ ಇಲ್ಲ. ರೈಫಲ್ ಖಾಲಿ ಇರುತ್ತದೆ. ಜಿಂಕೆ ಕಂಡ ಮೇಲೆ ಒಂದನ್ನು ತೆಗೆಯಬೇಕು, ಟೋಪಿ ಕಳಚಬೇಕು, ಭೂತಗನ್ನಡಿಯಲ್ಲಿ ಮೊನೆ ನೋಡಬೇಕು, ಆಮೇಲೆ ತುಂಬಬೇಕು.

"ಅಷ್ಟರಲ್ಲಿ ಜಿಂಕೆ ಕೆನಡಾ ಸೇರಿರುತ್ತೆ ಭಾವ" ಎಂದ ಓಲಾವಿ.

ಹೆಲ್ಮಿ ಮಾತ್ರ ಮೊದಲ ಸಲ ನನ್ನ ಪರ ನಿಂತಳು. "ಇಲ್ಲ, ಇದು ಒಳ್ಳೇ ಪದ್ಧತಿ. ರೀ, ಹಾಗೇ ಮಾಡ್ತೀನಿ ಅಂತ ನನ್ನ ಮೇಲೆ ಆಣೆ ಇಡಿ. ಖಾಲಿ ರೈಫಲ್. ಮೊದಲು ಟೋಪಿ, ಆಮೇಲೆ ಭೂತಗನ್ನಡಿ. ಐದನ್ನೂ ನೋಡ್ಬೇಕು, ಅವಸರ ಮಾಡ್ಬಾರ್ದು." ಆಣೆ ಇಟ್ಟೆ. ಕೊನೆಗೂ ಅವಳಿಗೆ ಅರ್ಥವಾಗಿದೆ.

ಆಮೇಲೆ ಅಕ್ಕ ತಮ್ಮ ಹಿತ್ತಿಲಲ್ಲಿ ನಿಂತು ಬಹಳ ಹೊತ್ತು ಏನೋ ಮಾತಾಡುತ್ತಿದ್ದರು. ಬುತ್ತಿಗೆ ಪ್ಯಾಸ್ಟಿ, ಅಂದರೆ ಮಾಂಸದ ಕಡುಬು, ಎಷ್ಟು ಕಟ್ಟಿಕೊಡಬೇಕು ಎಂಬ ಲೆಕ್ಕವಿರಬೇಕು.

ನವೆಂಬರ್ 14, ಸೋಮವಾರ, ಬೇಟೆಮನೆ

ಬಂದು ತಲುಪಿದೆವು. ಮೊಣಕಾಲುದ್ದ ಹಿಮ. ಗೋಡೆಯ ಮೇಲೆ ನನ್ನ ಬಾಲ ಹಾಗೇ ಇದೆ, ಇಲಿ ಕೂಡ ಮುಟ್ಟಿಲ್ಲ. ನಾಳೆ ಬೇಟೆಯ ಮೊದಲ ದಿನ.

ನವೆಂಬರ್ 15, ಮಂಗಳವಾರ

ಬರೆಯಬೇಕು. ಬರೆಯದಿದ್ದರೆ ನಾಳೆ ಹೊತ್ತಿಗೆ ಇದಕ್ಕೂ ಒಂದು ಕಾರಣ ಹುಡುಕಿರುತ್ತೇನೆ.

ಏಳು ಗಂಟೆಯಿಂದ ಕಟ್ಟೆಯ ಪಕ್ಕ ಕೂತಿದ್ದೆ. ಒಂಬತ್ತರ ಸುಮಾರಿಗೆ ಸೀಡರ್ ಮರಗಳ ನಡುವೆ ಒಂದು ಕಂದು ಮೈ ಅಲ್ಲಾಡಿತು. ದೊಡ್ಡ ಗಂಡು. ತಲೆ ತಗ್ಗಿಸಿ ಬಂತು, ಎತ್ತಿತು, ನಿಂತಿತು. ಕೊಂಬು ನಾಲ್ಕು ಕವಲು, ನೆಟ್ಟಗೆ ಆಕಾಶಕ್ಕೆ. ಮೂವತ್ತು ಹೆಜ್ಜೆ ಇರಬಹುದು. ಇಷ್ಟು ಹತ್ತಿರದಲ್ಲಿ ಇಂಥ ಪ್ರಾಣಿಯನ್ನು ನಲವತ್ತೆರಡು ವರ್ಷದಲ್ಲಿ ನೋಡಿರಲಿಲ್ಲ. ಅಪ್ಪ ಇದ್ದಿದ್ದರೆ ಎನಿಸಿತು.

ಡಬ್ಬಿ ತೆಗೆದೆ. ಮೊದಲನೆಯದರ ಟೋಪಿ ಕಳಚಿ ನೋಡಿದೆ. ಮೊನೆ ಸೊಟ್ಟ. ಎರಡನೆಯದು ಸೊಟ್ಟ. ಮೂರನೆಯದು. ಗಂಡು ಅಲ್ಲೇ ನಿಂತಿತ್ತು, ಅಲ್ಲಾಡದೆ, ನನ್ನ ಕಡೆಯೇ ನೋಡುತ್ತಾ. ನಾಲ್ಕನೆಯದೂ ಸೊಟ್ಟ. ಹಾಳಾಗಿ ಹೋಗಲಿ, ಯಾವುದಾದರೂ ಸರಿ, ಹೊಡೆದುಬಿಡುತ್ತೇನೆ ಎಂದುಕೊಂಡೆ. ಆಣೆ ನೆನಪಾಯಿತು. ಐದನೆಯದರ ಟೋಪಿ ಬಿಗಿಯಾಗಿತ್ತು, ಉಗುರಿನಿಂದ ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದೆ.

ಆಗ ಜಿಂಕೆ ಕೆಮ್ಮಿತು.

"ಭಾವ, ಕಾಫಿ ಉಳಿದಿದ್ಯಾ? ಅಕ್ಕ ಏಲಕ್ಕಿ ಬ್ರೆಡ್ಡು ಕೊಟ್ಟಿದ್ದಾಳೆ."

ಓಲಾವಿ. ಹೆಗಲ ಮೇಲೆ ಸ್ಟೂಲು, ನಾಲ್ಕೂ ಕಾಲು ಮೇಲಕ್ಕೆ. ಮೈಮೇಲೆ ಕಾನೂನಿನ ಕಿತ್ತಳೆ ಜಾಕೀಟು. ಅದು ನನಗೆ ಜಿಂಕೆಯ ಮೈಯ ಬಣ್ಣವಾಗಿಯೇ ಕಾಣುತ್ತಿತ್ತು, ಅವನು ಹತ್ತಿರ ಬಂದು ಸ್ಟೂಲು ಇಳಿಸಿ ಕೂತ ಮೇಲೂ.

"ಒಂಬತ್ತು ಗಂಟೆಗೆ ಒಂದ್ಸಲ ನೋಡ್ಕೊಂಡು ಬಾ ಅಂದಿದ್ಲು ಅಕ್ಕ. ದೂರದಿಂದ ನಿಮ್ಮನ್ನ ಎರಡು ಸಲ ಕೂಗ್ದೆ, ನೀವು ಡಬ್ಬಿಯೊಳಗೇ ಮುಳುಗಿದ್ರಿ. ಯಾಕೆ ಭಾವ, ಮುಖ ಹೀಗ್ ಆಗಿದೆ?"

ನಾನು ಕಾಫಿ ಬಗ್ಗಿಸಿದೆ. ಅರ್ಧ ಹಿಮದ ಮೇಲೆ ಬಿತ್ತು. ನನಗೆ ಭಯವಾಗಿತ್ತು. ಇಂಥ ಭಯ ಈ ಅರವತ್ತೆಂಟು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ. ಐದನೇ ತೋಟೆ ಇನ್ನೂ ಬಾಯಲ್ಲೇ ಇತ್ತು.

ಊಟ ಆದ ಮೇಲೆ ಎದ್ದು ನಿಂತು ಅಂಗಿಯನ್ನು ಪ್ಯಾಂಟಿನಿಂದ ಹೊರಗೆ ಎಳೆದೆ. "ಸುಲೋ, ಕತ್ತರಿ ತಾ."

"ಗುಂಡಿನ ಸದ್ದೇ ಕೇಳ್ಲಿಲ್ಲವಲ್ಲೋ?"

"ತಾ ಅಂದೆನಲ್ಲ."

ಸುಲೋ ಕತ್ತರಿ ತಂದು ಕರಕರ ಕತ್ತರಿಸಿದ. ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಪೆನ್ನು ಹಿಡಿದ. "ಎಷ್ಟು ಹೆಜ್ಜೆ?"

"ಮೂವತ್ತು."

"ಥೂ, ಮೂವತ್ತಕ್ಕೆ ತಪ್ಪಿದ್ಯಾ! ನೆಪ ಏನು?"

"ನೆಪ ಇಲ್ಲ."

"ನೆಪ ಇಲ್ದೆ ಇಲ್ಲಿ ಯಾವ ಬಾಲನೂ ಇಲ್ಲ ಕಣೋ. ಹೋಗ್ಲಿ, ತಪ್ಪಿದ್ದು ಏನು? ಗಂಡೋ, ಹೆಣ್ಣೋ?"

"ಓಲಾವಿ" ಎಂದೆ.

ಸುಲೋನ ಬಾಯಿ ತೆರೆದೇ ಇತ್ತು, ಕೆಳಗಿನ ಸೆಟ್ಟು ಸಡಿಲವಾಗಿ ಜಾರಿತು. ಓಲಾವಿ ತನ್ನ ಜಾಕೀಟು ನೋಡಿಕೊಂಡ. ಆಮೇಲೆ ಮೂಲೆಯಲ್ಲಿದ್ದ ಸ್ಟೂಲು ನೋಡಿದ.

"ಎಷ್ಟು ಕವಲು ಭಾವ?" ಎಂದ, ಮೆಲ್ಲಗೆ.

"ನಾಲ್ಕು."

"ಅಷ್ಟೇನಾ? ಇನ್ನೂ ನಾಲ್ಕು ಕಾಲು ಹಾಕಿಸ್ತೀನಿ, ಮುಂದಿನ ವರ್ಷಕ್ಕೆ" ಎಂದು ನಗಲು ನೋಡಿದ. ಆಗಲಿಲ್ಲ. ಎದ್ದು ಬಂದು ನನ್ನ ಪಕ್ಕ ಕೂತ. ಸುಲೋ ಬರೆದ: "1994. ತೌನೋ. ಮೂವತ್ತು ಹೆಜ್ಜೆ. ಓಲಾವಿ. ತಪ್ಪಿತು, ದೇವರ ದಯ." ಮೊಳೆ ನಾನೇ ಹೊಡೆದೆ. ಮೂರು ಸಲ ಬೆರಳಿಗೆ ಬಿತ್ತು.

ನವೆಂಬರ್ 17, ಗುರುವಾರ

ಮನೆಗೆ ಬಂದೆ. ಹೆಲ್ಮಿ ಬಾಗಿಲಲ್ಲೇ ನನ್ನನ್ನು ತಿರುಗಿಸಿ ನಿಲ್ಲಿಸಿದಳು. ಅಂಗಿಯ ಹಿಂಭಾಗ ನೋಡಿದಳು, ಹೋಗಿ ಫೋನ್ ತಂದು ನನ್ನ ಕೈಗಿಟ್ಟಳು. ಕಣ್ಣಿನ ಡಾಕ್ಟರ ನಂಬರನ್ನು ಒಂದು ಹಾಳೆಯ ತುಂಬ ದೊಡ್ಡದಾಗಿ ಬರೆದಿಟ್ಟಿದ್ದಳು. ಯಾವತ್ತಿನಿಂದ ಇಟ್ಟಿದ್ದಳೋ.

ಜನವರಿ 19, 1995, ಗುರುವಾರ

ಎರಡನೇ ಕಣ್ಣಿನ ಪೊರೆಯನ್ನೂ ತೆಗೆದು ವಾರವಾಯಿತು. ಅಡುಗೆಮನೆಗೆ ಬಿಳಿ ಬಣ್ಣ ಯಾವಾಗ ಬಳಿಸಿದೆ ಎಂದು ಹೆಲ್ಮಿಯನ್ನು ಕೇಳಿದೆ. ಅದು ಯಾವಾಗಲೂ ಬಿಳಿಯೇ ಅಂತೆ, ಹಳದಿಯಾಗಿದ್ದದ್ದು ನನ್ನ ಕಣ್ಣಂತೆ. ಇಬ್ಬರೂ ಸ್ವಲ್ಪ ಹೊತ್ತು ಜಗಳವಾಡಿದೆವು. ಆಮೇಲೆ ನಾನೇ ಒಪ್ಪಿದೆ.

ಗುಂಡಿನ ಡಬ್ಬಿ ತೆಗೆದೆ. ನಾನು ಕೈಯಿಡದೆ ಉಳಿದ ಏಳು ಗುಂಡುಗಳ ಮೊನೆ ದೀಪದ ಕಂಬದ ಹಾಗೆ ನೆಟ್ಟಗಿವೆ. ತಿದ್ದಿದ್ದೆಲ್ಲ ಎಡಕ್ಕೆ ವಾಲಿವೆ, ಸಾಲಾಗಿ, ಒಂದೇ ಕಡೆ ಗಾಳಿ ಬೀಸಿದ ಹಾಗೆ. ಎಲ್ಲಕ್ಕಿಂತ ಹೆಚ್ಚು ವಾಲಿರುವುದು ಆ ಐದು. ಗುಲಾಬಿ ಟೋಪಿಗಳು ಮಾತ್ರ ಚೆನ್ನಾಗಿ ಕೂತಿವೆ. ಕಂಪನಿಯ ಆ ಹೆಂಗಸಿಗೆ ಫೋನ್ ಮಾಡಿ, ನೀವು ಹೇಳಿದ್ದು ಸರಿ, ಹಾಗೇ ಬಿಡಬೇಕಿತ್ತು ಎಂದೆ. "ಯಾರು, ಮಿಚಿಗನ್ನಿನವರಾ?" ಎಂದಳು. ಬದುಕಿದ್ದೀರಲ್ಲ, ಸಂತೋಷ ಎಂದಳು.

ಮುಂದಿನ ನವೆಂಬರಿಗೆ ನಾನು ಅಡುಗೆಯವನು. ಅಪ್ಪನ ಜಾಗ ಓಲಾವಿಗೆ. ಪ್ಯಾಸ್ಟಿಯ ಅಂಚು ಮಡಿಸುವುದನ್ನು ಹೆಲ್ಮಿಯಿಂದ ಕಲಿಯುತ್ತಿದ್ದೇನೆ. ಒಂದರ ಅಂಚೂ ಇನ್ನೊಂದರ ಹಾಗೆ ಬರುವುದಿಲ್ಲ. ಬರದಿದ್ದರೆ ಬೇಡ.

ಮಧ್ಯಾಹ್ನ ಕಿಟಕಿಯ ಹತ್ತಿರ ನಿಂತಿದ್ದೆ. ಬೀದಿಯ ಆ ತುದಿಯಲ್ಲಿ, ಬಿಳಿ ಹಿಮದ ನಡುವೆ, ಒಂದು ಕಿತ್ತಳೆ ಬಣ್ಣ ತಿರುಗಿ ನಮ್ಮ ಕಡೆ ಬಂತು. ಮೇಲೆ ಸ್ಟೂಲಿನ ನಾಲ್ಕು ಕಾಲು. ಇಂಥ ಬಣ್ಣ ಜಗತ್ತಿನಲ್ಲಿದೆ ಎಂದು ಮರೆತೇಹೋಗಿತ್ತು. ಬೂಟು ಹಾಕಿಕೊಂಡು ಹೊರಗೆ ಹೋದೆ. ಅವನು ಗೇಟಿಗೆ ಬರುವವರೆಗೂ ನೋಡುತ್ತಲೇ ನಿಂತೆ. ಆಮೇಲೆ ಅವನನ್ನು ಅಲ್ಲೇ ಬಿಟ್ಟು, ಅವನು ಮೊದಲು ಕಣ್ಣಿಗೆ ಬಿದ್ದ ಬೀದಿಯ ತಿರುವಿನವರೆಗೆ ಎಣಿಸುತ್ತಾ ನಡೆದೆ. ಇನ್ನೂರ ಎಪ್ಪತ್ತು ಹೆಜ್ಜೆ.

ವಾಪಸು ಬಂದಾಗ ಓಲಾವಿ ನನ್ನ ಮುಖವನ್ನೇ ನೋಡಿದ. "ಏನ್ ಭಾವ, ಕಣ್ಣಲ್ಲಿ ನೀರು?"

ಡಾಕ್ಟರು ಕೊಟ್ಟ ಔಷಧಿ, ಹಾಕಿದರೆ ಹೀಗೇ ಸುರಿಯುತ್ತೆ ಎಂದೆ.

ಅದು ನೆಪ.